ಒಲ್ಲೆ ಎನ್ನುವವರಿಗೆ ಮೊದಲು ಬಿಸಿ ರೊಟ್ಟಿ ಬಡಿಸಿ

ಮಾನ್ಯ ಸಂಪಾದಕರಿಗೆ,

ಕಾಲೇಜು ಶುರುವಾಗುವ ದಿನಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಹಾಸ್ಟೆಲ್ ಅಡುಗೆಮನೆಗಳಲ್ಲಿ ಪ್ರತಿ ವರ್ಷ ಒಂದೇ ದೂರು. ಮೈಸೂರು, ಮಂಡ್ಯ, ಮಂಗಳೂರು ಕಡೆಯಿಂದ ಬಂದ ಹುಡುಗರು ರೊಟ್ಟಿ ಮುಟ್ಟುವುದಿಲ್ಲ, ಪಲ್ಯದ ಬಣ್ಣ ನೋಡಿಯೇ ಹಿಂದೆ ಸರಿಯುತ್ತಾರೆ, ಅನ್ನ-ಸಾರು ಇದ್ದರೆ ಸಾಕು ಅನ್ನುತ್ತಾರೆ. ‘ಅವರಿಗೆ ನಮ್ಮ ಊಟ ಸೇರೂದಿಲ್ಲ ಬಿಡ್ರಿ’ ಎಂದು ಅಡುಗೆಯವರು ಕೈಬಿಡುತ್ತಾರೆ. ಎರಡು ವಾರದೊಳಗೆ ರೊಟ್ಟಿ ಕಡಿಮೆಯಾಗಿ ಅನ್ನದ ಹಂಡೆ ದೊಡ್ಡದಾಗುತ್ತದೆ. ಆದರೆ ಅದೇ ಹುಡುಗರಲ್ಲಿ ಎಷ್ಟೋ ಮಂದಿ ಓದು ಮುಗಿಸಿ ಊರಿಗೆ ಹೊರಡುವಾಗ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ (ಶೇಂಗಾದ ಒಣ ಚಟ್ನಿಪುಡಿ) ಕಟ್ಟಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಕೊನೆಯ ದಿನದವರೆಗೂ ಒಲ್ಲೆ ಎಂದೇ ಇರುತ್ತಾರೆ. ಯಾರು ಯಾವ ಕಡೆ ಹೋಗುತ್ತಾರೆ ಎನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಮೊದಲ ತಿಂಗಳಲ್ಲಿ ನಾವು ಏನು, ಹೇಗೆ, ಯಾವ ಹೊತ್ತಿಗೆ ಬಡಿಸಿದೆವು ಎಂಬುದು. ಖಾನಾವಳಿ, ಹಾಸ್ಟೆಲ್ ಅಡುಗೆಯ ಕೆಲಸ ಬಲ್ಲವರಾಗಿ ಈ ಮಾತನ್ನು ವಿವರವಾಗಿ ಹೇಳಬೇಕೆಂದು ಈ ಪತ್ರ.

ಬೆಳೆದ ಮನೆಯ ಊಟವಷ್ಟೇ ಮನುಷ್ಯನಿಗೆ ರುಚಿಸುತ್ತದೆ ಎಂಬ ಮಾತು ನಿಜವಾಗಿದ್ದರೆ ನಮ್ಮ ತಾಟಿನಲ್ಲಿ ಅರ್ಧಕ್ಕರ್ಧ ಪದಾರ್ಥ ಇರುತ್ತಲೇ ಇರಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಈ ಕರಾವಳಿಗೆ ಬಂತು. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಏಕಾದಶಿ, ಶಿವರಾತ್ರಿಯ ಸಾಬುದಾಣಿ ಖಿಚಡಿಯನ್ನೇ ನೋಡಿ. ಸಾಬುದಾಣಿ ಮರಗೆಣಸಿನ ಪಿಷ್ಟ. ಜೊತೆಗೆ ಬಟಾಟೆ, ಹುರಿದ ಶೇಂಗಾ, ಹಸಿಮೆಣಸಿನಕಾಯಿ. ನಾಲ್ಕಕ್ಕೆ ನಾಲ್ಕೂ ಕಡಲಾಚೆಯಿಂದ ಬಂದವು. ತಮಿಳುನಾಡಿನ ಸೇಲಂ ಸುತ್ತ ಮರಗೆಣಸಿನಿಂದ ಸಾಬುದಾಣಿ ಮಾಡುವ ಉದ್ಯಮ ತಲೆಯೆತ್ತಿದ್ದು 1940ರ ದಶಕದಲ್ಲಿ. ಉಪವಾಸದ ದಿನ ಧಾನ್ಯ ಮುಟ್ಟದ ಮನೆಗಳು ಈ ಹೊಸಬನನ್ನು ಒಳಗೆ ಬಿಟ್ಟುಕೊಂಡವು, ಏಕೆಂದರೆ ಅದು ಧಾನ್ಯವಲ್ಲ, ಹೊಟ್ಟೆಗೂ ಆಧಾರ, ಒಗ್ಗರಣೆ ಮಾತ್ರ ನಮ್ಮದೇ ತುಪ್ಪ-ಜೀರಿಗೆಯದು. ಚಹಾದ ಕಥೆಯೂ ಹೀಗೆಯೇ. 1903ರಲ್ಲಿ ಚಹಾ ಸೆಸ್ (ಚಹಾ ರಫ್ತಿನ ಮೇಲಿನ ತೆರಿಗೆ) ಬಂದ ಮೇಲೆ ಆ ಹಣದಿಂದ ರೈಲು ನಿಲ್ದಾಣ, ಸಂತೆ, ಗಿರಣಿಗಳ ಬಾಗಿಲಲ್ಲಿ ಚಹಾ ಕುಡಿಸಿ ರೂಢಿ ಮಾಡಿಸಿದರು. ಬರೀ ಕಷಾಯದಂಥ ಕಹಿ ನೀರು ಯಾರಿಗೆ ಬೇಕಿತ್ತು? ಹಾಲು, ಸಕ್ಕರೆ, ಏಲಕ್ಕಿ ಸೇರಿದ ಮೇಲೆ ಅದು ನಮ್ಮದಾಯಿತು. ಹೊಸದು ಹಳೆಯದರ ಕೈ ಹಿಡಿದು ಬಂದರೆ ಒಳಗೆ ಬರುತ್ತದೆ. ಈ ಒಂದು ಸೂತ್ರ ಅಡುಗೆಯವರು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಈಗ ರೊಟ್ಟಿಗೆ ಬರೋಣ. ಹೊರಗಿನವರು ಜೋಳದ ರೊಟ್ಟಿ ಒಲ್ಲೆ ಎನ್ನುವಾಗ ಅವರು ನಿಜವಾಗಿ ಒಲ್ಲೆ ಎನ್ನುತ್ತಿರುವುದು ಆರಿ ಚರ್ಮದಂತಾದ ರೊಟ್ಟಿಯನ್ನು. ಹಂಚಿನಿಂದ ಇಳಿದು ಹತ್ತು ನಿಮಿಷದೊಳಗಿನ ರೊಟ್ಟಿ ಬೇರೆ, ಬೆಳಿಗ್ಗೆ ಆರಕ್ಕೆ ಬಡಿದು ಮಧ್ಯಾಹ್ನ ಒಂದಕ್ಕೆ ಬಡಿಸಿದ ರೊಟ್ಟಿ ಬೇರೆ. ಇದು ಬರೀ ಅಭಿಮಾನದ ಮಾತಲ್ಲ. ಗೋದಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇದೆ, ಜೋಳದಲ್ಲಿ ಇಲ್ಲ. ಜೋಳದ ಹಿಟ್ಟು ಒಂದಾಗಿ ನಿಲ್ಲುವುದು ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟದಲ್ಲಿ ಒಂದು ಭಾಗ ಬೆಂದು ಅಂಟಾಗುವುದರಿಂದ. ಅದಕ್ಕೆ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಉಗುರುಬೆಚ್ಚಗಿನ ನೀರು ಎಷ್ಟು ಸುರಿದರೂ ಆ ಅಂಟು ಬರುವುದಿಲ್ಲ. ಹೀಗೆ ಬೆಂದ ಪಿಷ್ಟ ತಣ್ಣಗಾಗುತ್ತಾ ಮತ್ತೆ ಬಿಗಿಯಾಗುತ್ತದೆ, ನೀರು ಬಿಡುತ್ತದೆ. ಮೆತ್ತನೆಯ ರೊಟ್ಟಿ ಎರಡು ಮೂರು ತಾಸಿನಲ್ಲಿ ಬಿರುಸಾಗುವುದು ಇದೇ ಕಾರಣಕ್ಕೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ ಬಿಗಿಯುತ್ತದೆ. ನೀರು ಚಿಮುಕಿಸಿ ಹಂಚಿನ ಮೇಲೆ ಬಿಸಿ ಮಾಡಿದರೆ ಒಮ್ಮೆ ಮೆತ್ತಗಾದೀತು, ಎರಡನೇ ಸಲಕ್ಕೆ ಅದು ಹಪ್ಪಳವೂ ಅಲ್ಲ, ರೊಟ್ಟಿಯೂ ಅಲ್ಲ.

ಹೊಸಬರಿಗೆ ಬಡಿಸುವ ರೊಟ್ಟಿಯಲ್ಲಿ ಹಿಟ್ಟಿನಿಂದಲೇ ಜಾಗ್ರತೆ ಬೇಕು. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ, ರೊಟ್ಟಿಗೆ ಹೇಳಿ ಮಾಡಿಸಿದ್ದು. ಸಿಹಿಯೂ ಇದೆ, ಜಿಗಿಯೂ ಇದೆ. ಮುಂಗಾರಿ ಹೈಬ್ರಿಡ್ ಜೋಳ ಅಗ್ಗ ಸಿಕ್ಕಿತೆಂದು ತಂದರೆ ರೊಟ್ಟಿ ಬಣ್ಣಗೆಡುತ್ತದೆ, ಅಂಚು ಬಿರಿಯುತ್ತದೆ. ಬೀಸಿದ ಹಿಟ್ಟಿನಲ್ಲಿ ಕಾಳಿನ ಮೊಳಕೆಯ ಎಣ್ಣೆಯೂ ಇರುವುದರಿಂದ ದಿನ ಕಳೆದಂತೆ ಕಮಟು ವಾಸನೆ ಹಿಡಿದು ನಾಲಿಗೆಯ ತುದಿಗೆ ಕಹಿ ಹತ್ತುತ್ತದೆ, ಜಿಗಿಯೂ ಹೋಗುತ್ತದೆ. ಇಲ್ಲಿಯವರಿಗೆ ಆ ಕಹಿ ರೂಢಿಯಾಗಿ ಗೊತ್ತಾಗುವುದಿಲ್ಲ, ಹೊಸಬರು ಮೊದಲ ತುತ್ತಿನಲ್ಲೇ ಹಿಡಿಯುತ್ತಾರೆ. ಆದ್ದರಿಂದ ತಿಂಗಳ ಹಿಟ್ಟು ಒಮ್ಮೆಲೇ ಬೀಸಿಸಿ ಚೀಲ ತುಂಬಿಡುವ ಪದ್ಧತಿ ಬಿಡಬೇಕು. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ಗಿರಣಿಗೆ ಕಳಿಸಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ.

ಎರಡು ಬಟ್ಟಲು ಹಿಟ್ಟಿಗೆ ಒಟ್ಟು ಒಂದೂವರೆ ಬಟ್ಟಲಿನಷ್ಟು ನೀರು ಹಿಡಿಯುತ್ತದೆ. ಹಿಟ್ಟಿನ ತರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಅದರಲ್ಲಿ ಒಂದು ಬಟ್ಟಲು ನೀರನ್ನು ಚಿಟಿಕೆ ಉಪ್ಪು ಹಾಕಿ ಕುದಿ ಬರುವ ತನಕ ಕಾಯಿಸಿ, ಪರಾತದಲ್ಲಿ ಹಿಟ್ಟಿನ ನಡುವೆ ಕುಣಿ ಮಾಡಿ ಅದರೊಳಗೆ ಸುರಿದು ಸೌಟಿನ ಹಿಡಿಯಿಂದ ಕಲಸಬೇಕು. ಕೈ ತಾಳುವಷ್ಟು ಬಿಸಿ ಇಳಿದೊಡನೆ, ಉಳಿದ ನೀರನ್ನು ಬೆಚ್ಚಗೆ ಮಾಡಿಕೊಂಡು ಚೂರು ಚೂರೇ ಹಾಕುತ್ತಾ ಅಂಗೈ ಬುಡದಿಂದ ನಾಲ್ಕೈದು ನಿಮಿಷ ಒತ್ತಿ ನಾದಬೇಕು. ನಾದಿದ್ದು ಸಾಕಾಯಿತೇ ಎಂದು ತಿಳಿಯಲು ಒಂದು ಸಣ್ಣ ಉಂಡೆಯನ್ನು ಚಪ್ಪಟೆ ಒತ್ತಿ ನೋಡಿ. ಅಂಚಿನಲ್ಲಿ ಬಿರುಕು ಬಿಟ್ಟರೆ ಇನ್ನೂ ನಾದಬೇಕು, ಇಲ್ಲವೆ ನೀರು ಕಡಿಮೆಯಾಗಿದೆ. ಐವತ್ತು ರೊಟ್ಟಿಯ ಹಿಟ್ಟು ಒಮ್ಮೆಲೇ ನಾದಿಟ್ಟರೆ ಕೊನೆಯ ಉಂಡೆಗಳ ಹೊತ್ತಿಗೆ ಅದು ತಣ್ಣಗಾಗಿ ಜಿಗಿ ಕಳೆದುಕೊಂಡಿರುತ್ತದೆ. ಎಂಟು-ಹತ್ತು ರೊಟ್ಟಿಗೆ ಆಗುವಷ್ಟೇ ನಾದಿಕೊಂಡು ಬಡಿಯುವುದು ಕ್ರಮ.

ಬಡಿದ ರೊಟ್ಟಿಯನ್ನು ಕಾದ ಹಂಚಿಗೆ ಹಾಕುವಾಗ ಒಣಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರಬೇಕು. ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಆ ಹಿಟ್ಟೆಲ್ಲ ಮರೆಯಾಗುವಂತೆ ಮೇಲ್ಭಾಗ ಒರೆಸಬೇಕು. ಇಲ್ಲಿ ಅರ್ಧ ನಿಮಿಷ ತಡವಾದರೂ ಬಿಳಿ ಮಚ್ಚೆ ಉಳಿದು ಬಾಯಿಗೆ ಹಸಿ ಹಿಟ್ಟು ಹತ್ತುತ್ತದೆ. ‘ಮಣ್ಣು ತಿಂದ ಹಾಗೆ ಆಗುತ್ತದೆ’ ಎಂದು ಹೊಸಬರು ಹೇಳುವುದು ಇದನ್ನೇ. ನೀರು ಆರಿದ ಮೇಲೆ ತಿರುವಿ, ಇನ್ನೊಂದು ಮಗ್ಗುಲಲ್ಲಿ ಕಂದು ಚುಕ್ಕೆ ಮೂಡುವ ತನಕ ಬೇಯಿಸಿ, ಮತ್ತೆ ತಿರುವಿ ಒಣ ಅರಿವೆಯಿಂದ ಅಂಚು ಒತ್ತಿದರೆ ಅಥವಾ ಕೆಂಡದ ಮುಂದೆ ನಿಲ್ಲಿಸಿದರೆ ರೊಟ್ಟಿ ಉಬ್ಬುತ್ತದೆ. ಉಬ್ಬಲಿಲ್ಲವೆಂದರೆ ಹಂಚು ಕಾದಿಲ್ಲ, ಇಲ್ಲವೆ ಬಡಿಯುವಾಗ ಎಲ್ಲೋ ತೂತು ಬಿದ್ದು ಹಬೆ ಹೊರಟುಹೋಗಿದೆ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟ ರೊಟ್ಟಿ ಬೇಯುವ ಬದಲು ಒಣಗುತ್ತದೆ. ಖಡಕ್ ರೊಟ್ಟಿಗೆ ಬೇಕಾದದ್ದು ಅದೇ ಒಣಗುವಿಕೆ: ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ನೀರಿನ ಪಸೆಯೆಲ್ಲ ತೆಗೆದದ್ದು ಡಬ್ಬಿಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಇವೆರಡರ ನಡುವಿನ ಅರೆಬರೆ ರೊಟ್ಟಿಯೇ ಹಾಸ್ಟೆಲ್ ತಾಟಿನಲ್ಲಿ ಹೆಚ್ಚು ಕಾಣಿಸುವುದು.

ಅಡುಗೆಯವರನ್ನು ದೂರಿ ಪ್ರಯೋಜನವಿಲ್ಲ, ಲೆಕ್ಕ ಹಾಗಿದೆ. ನುರಿತ ಕೈಗೂ ಒಂದು ರೊಟ್ಟಿಗೆ ಎರಡು ನಿಮಿಷದ ಹತ್ತಿರ ಬೇಕು. ನೂರು ಹುಡುಗರಿಗೆ ತಲಾ ಎರಡರಂತೆ ಇನ್ನೂರು ರೊಟ್ಟಿ ಎಂದರೆ ನಾನೂರು ನಿಮಿಷ. ಒಬ್ಬ ಹೆಣ್ಣುಮಗಳಿಗೆ ಒಪ್ಪಿಸಿದರೆ ಆರೂವರೆ ತಾಸಿಗಿಂತ ಹೆಚ್ಚು. ಬೆಳಿಗ್ಗೆ ಆರಕ್ಕೆ ಕೂತರೆ ಮುಗಿಯುವುದು ಊಟದ ಹೊತ್ತಿಗೇ, ಮೊದಲು ಬಡಿದದ್ದು ಅಷ್ಟರಲ್ಲಿ ಬಿರುಸು. ನಾಲ್ಕು ಒಲೆ, ನಾಲ್ಕು ಕೈ ಇದ್ದರೆ ಇದೇ ಕೆಲಸ ಒಂದು ತಾಸು ನಲವತ್ತು ನಿಮಿಷದ್ದು. ಊಟವನ್ನು ಎರಡು ಪಾಳಿ ಮಾಡಿ, ಮೊದಲ ಪಾಳಿಗೆ ಮುಕ್ಕಾಲು ತಾಸು ಮುಂಚೆ ಬಡಿಯಲು ಶುರು ಮಾಡಿದರೆ ಎಲ್ಲರಿಗೂ ಬೆಚ್ಚಗಿನ ರೊಟ್ಟಿ ಮುಟ್ಟುತ್ತದೆ. ಇಳಿಸಿದ ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಬಾರದು. ಹಬೆ ನೀರಾಗಿ ಇಳಿದು ಕೆಳಗಿನವು ತೊಯ್ದು ಹೋಗುತ್ತವೆ. ಬಿದಿರು ಬುಟ್ಟಿಗೆ ದಪ್ಪ ಧೋತರದ ಅರಿವೆ ಹಾಸಿ, ಅದರೊಳಗೆ ಒಂದರ ಮೇಲೊಂದು ಇಟ್ಟು ಮುಚ್ಚಿದರೆ ಒಂದು ತಾಸು ಮೆತ್ತಗಿರುತ್ತವೆ. ನಾಲ್ವರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದ ಮೆಸ್‌ನವರು ದಿನವೂ ಅರೆಬರೆ ರೊಟ್ಟಿ ಕೊಡುವ ಬದಲು ವಾರದಲ್ಲಿ ಎರಡು ದಿನ ಬಿಸಿ ರೊಟ್ಟಿ ಕೊಡಲಿ, ಉಳಿದ ದಿನ ಒಳ್ಳೆಯ ಖಡಕ್ ರೊಟ್ಟಿ ತರಿಸಲಿ. ಮೂರೂ ಜಿಲ್ಲೆಗಳಲ್ಲಿ ಮಹಿಳಾ ಸಂಘಗಳು, ರೊಟ್ಟಿ ಕೇಂದ್ರಗಳು ಅದನ್ನು ಕಟ್ಟುಗಟ್ಟಲೆ ಮಾಡಿ ಕೊಡುತ್ತವೆ.

ಖಡಕ್ ರೊಟ್ಟಿಗೂ ಒಂದು ಕ್ರಮವಿದೆ, ಅದನ್ನು ಯಾರೂ ಹೊಸಬರಿಗೆ ಹೇಳಿಕೊಡುವುದಿಲ್ಲ. ಚಪಾತಿಯಂತೆ ಹರಿದು ಪಲ್ಯ ಹಿಡಿಯಲು ಹೋದರೆ ಪುಡಿಯಾಗಿ ಒಸಡು ಕೀರುತ್ತದೆ. ಅದನ್ನು ಮುರಿದು ತಾಟಿನಲ್ಲಿ ಹಾಕಿ, ಮೇಲೆ ರಸ ಇರುವ ಮಡಕಿ ಕಾಳಿನ ಪಲ್ಯ ಅಥವಾ ಸಾರು ಸುರಿದು ಒಂದೆರಡು ನಿಮಿಷ ಬಿಡಬೇಕು. ಒಳಗೆ ಮೆತ್ತಗಾಗಿ ಅಂಚು ಇನ್ನೂ ಕರುಂ ಅನ್ನುವಾಗ ತಿನ್ನಬೇಕು. ಇಲ್ಲವೆ ಮೊಸರಿಗೆ ಶೇಂಗಾ ಹಿಂಡಿ ಕಲಸಿ ಅದರಲ್ಲಿ ಅದ್ದಿಕೊಳ್ಳಬೇಕು. ಎಷ್ಟೋ ಜನರಿಗೆ ಹೊಸ ಊಟ ಹಿಡಿಸದಿರುವುದು ರುಚಿಗಿಂತ ಹೆಚ್ಚಾಗಿ ಬಾಯಲ್ಲಿ ಅದನ್ನು ಏನು ಮಾಡಬೇಕೆಂದು ತಿಳಿಯದೆ. ನಮ್ಮ ಹುಡುಗರು ಮಂಡ್ಯಕ್ಕೆ ಹೋಗಿ ರಾಗಿ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡು ಬಿಟ್ಟುಬಿಡುತ್ತಾರಲ್ಲ, ಅದೂ ಇದೇ. ಮುದ್ದೆಯನ್ನು ಗೋಲಿಯಷ್ಟು ಚಿಕ್ಕದಾಗಿ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು ಎಂದು ಯಾರಾದರೂ ಎದುರು ಕೂತು ತೋರಿಸಿದರೆ ಎರಡನೇ ದಿನಕ್ಕೇ ಅರ್ಧ ಮುದ್ದೆ ಇಳಿಯುತ್ತದೆ.

ಇನ್ನು ಖಾರ. ಮೆಣಸಿನಕಾಯಿಗೆ ಖಾರ ಕೊಡುವ ಅಂಶವಾದ ಕ್ಯಾಪ್ಸೈಸಿನ್ ನಾಲಿಗೆಯ ಮೇಲೆ ಕೂರುವುದು ಉಪ್ಪು, ಹುಳಿ, ಸಿಹಿ ತಿಳಿಯುವ ಜಾಗದಲ್ಲಲ್ಲ; ಸುಮಾರು 43 ಡಿಗ್ರಿ ಮೀರಿದ ಬಿಸಿ ತಾಗಿದಾಗ ‘ಸುಡುತ್ತಿದೆ’ ಎಂದು ಎಚ್ಚರಿಸುವ ನರದ ಗ್ರಾಹಿಯ ಮೇಲೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಗ್ರಾಹಿಯನ್ನು ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಬಂದದ್ದು ಇದೇ ಸಾಲಿನ ಕೆಲಸಕ್ಕೆ. ಅಂದರೆ ಖಾರ ನಿಜವಾಗಿ ಉರಿ. ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ತಾಗುತ್ತಿದ್ದರೆ ಆ ನರ ಮಂದವಾಗುತ್ತದೆ. ಒಮ್ಮೆಲೇ ಬಹಳ ಬಿದ್ದರೆ ಮನುಷ್ಯ ತಾಟು ಸರಿಸಿ ಎದ್ದು ಹೋಗುತ್ತಾನೆ. ಉರಿ ಹತ್ತಿದವರಿಗೆ ನೀರು ಕೊಡುವುದು ತಪ್ಪು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲು-ಮೊಸರಿನ ಪ್ರೋಟೀನು ಅದನ್ನು ಹಿಡಿದುಕೊಂಡು ಹೋಗುತ್ತದೆ. ರೊಟ್ಟಿಯ ಮೇಲೆ ಬೆಣ್ಣೆ, ಬದಿಯಲ್ಲಿ ಗಟ್ಟಿ ಮೊಸರು ಇಡುವ ನಮ್ಮ ಹಿರಿಯರ ಪದ್ಧತಿಯಲ್ಲಿ ಇದೆಲ್ಲ ಅಡಗಿದೆ. ಮೆಸ್‌ನಲ್ಲಿ ಖರ್ಚು ಉಳಿಸಲು ಮೊದಲು ಕೈಬಿಡುವುದು ಇವೆರಡನ್ನೇ.

ಕೆಂಪು ಎಂದರೆ ಖಾರ ಎಂದು ಹೊಸಬರು ಹೆದರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಗುಂಟೂರು ತಳಿ ಬೆರೆಸಿದಾಗ ಉರಿ ಏರುತ್ತದೆ. ಮೊದಲ ತಿಂಗಳು ಹಾಸ್ಟೆಲ್ ಪಲ್ಯಕ್ಕೆ ಬರೀ ಬ್ಯಾಡಗಿಯ ಮಸಾಲೆ ಖಾರ ಹಾಕಿ, ಇಲ್ಲಿಯ ಹುಡುಗರಿಗಾಗಿ ಹಸಿಮೆಣಸಿನಕಾಯಿ ಚಟ್ನಿ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಬೇರೆ ಬಟ್ಟಲಲ್ಲಿ ಇಟ್ಟರೆ ಇಬ್ಬರಿಗೂ ನ್ಯಾಯ. ಪಲ್ಯವನ್ನು ಖಾರ-ಉಪ್ಪು-ಹುಳಿ ಎಲ್ಲ ತೆಗೆದು ಸಪ್ಪೆ ಮಾಡಿ ಬಡಿಸುವುದು ಮಾತ್ರ ಬೇಡ. ಸಪ್ಪೆ ಎಣ್ಣೆಗಾಯಿ (ಮಸಾಲೆ ತುಂಬಿದ ಬದನೆಕಾಯಿ ಪಲ್ಯ) ತಿಂದವನಿಗೆ ಎಣ್ಣೆಗಾಯಿ ಏನೆಂದು ತಿಳಿಯುವುದೇ ಇಲ್ಲ, ಅದನ್ನು ಇಷ್ಟಪಡುವುದು ಹೇಗೆ?

ಖಾರದ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಪಾಲ್ ರೋಝಿನ್ ಎಂಬ ಮನೋವಿಜ್ಞಾನಿ 1970-80ರ ದಶಕಗಳಲ್ಲಿ ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಜನ ಖಾರ ಕಲಿಯುವುದು ಹೇಗೆಂದು ಅಧ್ಯಯನ ಮಾಡಿದರು. ಅಲ್ಲಿ ಚಿಕ್ಕ ಮಕ್ಕಳಿಗೆ ಯಾರೂ ಬಲವಂತವಾಗಿ ಖಾರ ತಿನ್ನಿಸುವುದಿಲ್ಲ. ದೊಡ್ಡವರು ತಿನ್ನುವುದನ್ನು ನೋಡಿ ಅವು ತಾವಾಗಿ ಕೈ ಹಾಕುತ್ತವೆ. ಅದೇ ಮನೆಗಳ ನಾಯಿ, ಹಂದಿಗಳು ಖಾರ ಬೆರೆತ ಉಳಿಕೆಯನ್ನೇ ದಿನವೂ ತಿಂದು ಬೆಳೆದಿದ್ದರೂ ಆಯ್ಕೆ ಕೊಟ್ಟಾಗ ಖಾರವಿಲ್ಲದ್ದನ್ನೇ ಆರಿಸುತ್ತಿದ್ದವು. ಬರೀ ದಿನವೂ ಬಡಿಸುವುದರಿಂದ ಪ್ರೀತಿ ಹುಟ್ಟುವುದಿಲ್ಲ. ಅದನ್ನು ಸವಿದು ತಿನ್ನುವವರ ಪಂಕ್ತಿಯಲ್ಲಿ ಕೂತು ತಿಂದಾಗ ಹುಟ್ಟುತ್ತದೆ. ದಕ್ಷಿಣದ ಹುಡುಗರಿಗೇ ಒಂದು ಮೇಜು, ಇಲ್ಲಿಯವರಿಗೆ ಒಂದು ಮೇಜು ಎಂದು ತಾವಾಗಿ ಬೇರೆಯಾಗಿ ಕೂರುವ ಹಾಸ್ಟೆಲ್‌ಗಳಲ್ಲಿ ರೊಟ್ಟಿ ಯಾಕೆ ಉಳಿಯುತ್ತದೆ ಎಂಬುದಕ್ಕೆ ಇದೇ ಉತ್ತರ ಎಂದು ನಾವು ತಿಳಿದಿದ್ದೇವೆ.

ಎಷ್ಟು ಸಲ ಬಡಿಸಬೇಕು? ಚಿಕ್ಕ ಮಕ್ಕಳ ಊಟದ ಬಗ್ಗೆ ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು 1980-90ರ ದಶಕಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಹೊಸ ತಿನಿಸು ಒಪ್ಪಿಗೆಯಾಗಲು ಹತ್ತರ ಆಸುಪಾಸು ಸಲ ರುಚಿ ನೋಡಬೇಕಾಯಿತು. ಕಣ್ಣಿಗೆ ಬಿದ್ದರೆ ಸಾಲದು, ಬಾಯಿಗೆ ಹೋಗಬೇಕು. ನಮ್ಮಲ್ಲಿ ಎರಡು ಸಲ ಬಡಿಸಿ, ಬಿಟ್ಟರೆ ಮೂರನೇ ಸಲ ಆ ಪದಾರ್ಥವನ್ನೇ ನಿಲ್ಲಿಸುತ್ತೇವೆ. ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯ, ಗುರೆಳ್ಳು (ಹುಚ್ಚೆಳ್ಳು) ಹಿಂಡಿ, ಹಸಿ ಮೆಂತ್ಯೆ ಇಂಥವು ಎರಡು ಸಲಕ್ಕೆ ಹಿಡಿಸುವ ರುಚಿಗಳೇ ಅಲ್ಲ. ಒಂದು ಚಮಚ ಬದಿಗೆ ಬಡಿಸಿ, ತಿಂದರೂ ಬಿಟ್ಟರೂ ಮಾತಾಡದೆ, ವಾರಕ್ಕೆರಡು ಸಲ ಇಡುತ್ತಾ ಹೋಗಬೇಕು. ‘ಎರಡು ರೊಟ್ಟಿ ತಿಂದರೆ ಆಮೇಲೆ ಅನ್ನ’ ಎಂಬ ಕಟ್ಟಳೆ ಕೆಲವು ಕಡೆ ಇದೆ. ಅದನ್ನು ದಯವಿಟ್ಟು ತೆಗೆಯಿರಿ. ಒಂದನ್ನು ತಿಂದರೆ ಇನ್ನೊಂದು ಸಿಗುತ್ತದೆ ಎಂದು ಶರ್ತ ಹಾಕಿದಾಗ ಮೊದಲನೆಯದರ ಮೇಲಿನ ಇಷ್ಟ ಇನ್ನೂ ಕಡಿಮೆಯಾಗುತ್ತದೆ ಎನ್ನುವುದೂ ಇಂಥ ಪ್ರಯೋಗಗಳಲ್ಲೇ ಕಂಡುಬಂದ ಸಂಗತಿ.

ಮೊದಲ ವಾರ ಇನ್ನೂ ನಾಜೂಕು. ನೀರು ಬದಲಾಗಿರುತ್ತದೆ, ಪ್ರಯಾಣದ ಆಯಾಸ ಇರುತ್ತದೆ, ಹೊಟ್ಟೆ ಕೆಡುವುದು ಸಾಮಾನ್ಯ. ಕೆಟ್ಟದ್ದು ನೀರಿನಿಂದಲೇ ಇರಬಹುದು, ಆದರೆ ಅದಕ್ಕೆ ಮೊದಲು ತಿಂದ ಹೊಸ ಪದಾರ್ಥದ ಮೇಲೆ ದೇಹ ಆರೋಪ ಹೊರಿಸುತ್ತದೆ; ಅದರ ವಾಸನೆ ಬಂದರೆ ಸಾಕು ವರ್ಷಗಟ್ಟಲೆ ಹೇವರಿಕೆ. ಮನೋವಿಜ್ಞಾನಿ ಜಾನ್ ಗಾರ್ಸಿಯಾ 1955ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ ಈ ಗುಣ ಮನುಷ್ಯರಲ್ಲೂ ಗಟ್ಟಿಯಾಗಿದೆ. ಹೀಗಾಗಿ ಬಂದ ಮೊದಲ ನಾಲ್ಕು ದಿನ ಅನ್ನ, ತಿಳಿಸಾರು, ಮೊಸರು, ಒಂದು ಚಪಾತಿ ಸಾಕು. ಹೊಟ್ಟೆ ಹದಕ್ಕೆ ಬಂದ ಮೇಲೆ ಒಂದೇ ಒಂದು ಬಿಸಿ ರೊಟ್ಟಿ. ಜೋಳದಲ್ಲಿ ನಾರು ಹೆಚ್ಚು. ಪಾಲಿಶ್ ಅಕ್ಕಿಯ ಅನ್ನ ತಿಂದು ಬೆಳೆದ ಹೊಟ್ಟೆಗೆ ಮೂರು ರೊಟ್ಟಿ ಒಮ್ಮೆಲೇ ಇಳಿದರೆ ಉಬ್ಬರ ಬರುತ್ತದೆ. ಅತಿಥಿ ಸತ್ಕಾರದ ಉತ್ಸಾಹದಲ್ಲಿ ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡುವ ನಮ್ಮ ಜನರ ಪ್ರೀತಿ ಇಲ್ಲಿ ತಡೆದುಕೊಳ್ಳಬೇಕಾದದ್ದು.

ಬಂದವರು ಎಲ್ಲಿಯವರು ಎಂದು ಕೇಳಿಕೊಂಡರೆ ಅರ್ಧ ಕೆಲಸ ಹಗುರ. ವಿಜಯಪುರದ ಸೈನಿಕ ಶಾಲೆ, ಕೂಡಗಿಯ ವಿದ್ಯುತ್ ಸ್ಥಾವರ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಲ್ಲಿ ಹಲವರ ಮನೆಯಲ್ಲಿ ನಮ್ಮ ರೊಟ್ಟಿಯ ದಾಯಾದಿ ಇದ್ದೇ ಇದೆ. ಮರಾಠಿಯವರಿಗೆ ಭಾಕರಿ, ಗುಜರಾತಿಗಳಿಗೆ ರೋಟ್ಲೊ, ತೆಲಂಗಾಣದವರಿಗೆ ಜೊನ್ನ ರೊಟ್ಟೆ. ಆಂಧ್ರದವರ ಗೋಂಗುರವೇ ನಮ್ಮ ಪುಂಡಿ. ರಾಜಸ್ಥಾನದವರು ಬಾಜ್ರಾ ರೋಟಿಗೆ ಬೆಳ್ಳುಳ್ಳಿ ಚಟ್ನಿ ಹಚ್ಚಿಕೊಂಡು ತಿನ್ನುವವರು, ಅವರಿಗೆ ಸಜ್ಜೆ ರೊಟ್ಟಿ ಕೊಡಿ. ಬಿಹಾರದ ಕೆಲಸಗಾರರಿಗೆ ಸುಟ್ಟ ಬದನೆಕಾಯಿ ಚೋಖಾ ಅಂದರೆ ಪ್ರಾಣ. ಬದನೆಕಾಯಿ ಸುಟ್ಟು ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಎಣ್ಣೆ ಕಲಸಿ ರೊಟ್ಟಿಯ ಬದಿಗಿಟ್ಟರೆ ಅವರು ರೊಟ್ಟಿಯನ್ನು ಪ್ರಶ್ನೆಯೇ ಮಾಡುವುದಿಲ್ಲ. ಮೈಸೂರು ಕಡೆಯವರಿಗೆ ಗೊಜ್ಜಿನ ಹುಳಿ-ಸಿಹಿ-ಖಾರ ಗೊತ್ತು. ಅವರಿಗೆ ಮೊದಲ ಪಲ್ಯ ಎಣ್ಣೆಗಾಯಿಯೇ ಆಗಬೇಕು: ಕಾಲು ಕಿಲೋ ಎಳೆಯ ಬದನೆಕಾಯಿಗೆ ನಾಲ್ಕು ದೊಡ್ಡ ಚಮಚ ಹುರಿದ ಶೇಂಗಾ ಪುಡಿ, ಎರಡು ಚಮಚ ಒಣಕೊಬ್ಬರಿ, ಒಂದೊಂದು ಚಮಚ ಎಳ್ಳು ಮತ್ತು ಗುರೆಳ್ಳು, ಮಸಾಲೆ ಖಾರ, ಹುಣಸೆರಸ, ಅಡಿಕೆಯಷ್ಟು ಬೆಲ್ಲ. ತುಂಬಿದ ಕಾಯಿ ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ತೇಲುವವರೆಗೆ ಬೇಯಬೇಕು. ಮೆಸ್‌ಗಳಲ್ಲಿ ಎಣ್ಣೆ ಉಳಿಸಲು ನೀರು ಹೆಚ್ಚಿಸಿ ಕುದಿಸಿಬಿಡುತ್ತಾರೆ, ಆಗ ಶೇಂಗಾ ಹಸಿಹಸಿಯಾಗಿ, ಹುಣಸೆ ಬೇರೆ, ಬೆಲ್ಲ ಬೇರೆ ನಿಲ್ಲುತ್ತವೆ.

ಹೊಸದು ಗೊತ್ತಿದ್ದುದರ ಮೇಲೆ ಕೂತು ಬಂದರೆ ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ ಗೋಬಿ ಮಂಚೂರಿ ಸಾಕ್ಷಿ. ನೆಲ್ಸನ್ ವಾಂಗ್ ಎಂಬ ಬಾಣಸಿಗ 1975ರಲ್ಲಿ ಮುಂಬೈಯಲ್ಲಿ ಕೋಳಿಯಿಂದ ಮಾಡಿದ ಮಂಚೂರಿಯನ್ ಮುಂದೆ ಹೂಕೋಸಿಗೆ ಇಳಿಯಿತು. ಹೂಕೋಸೂ ಬ್ರಿಟಿಷರ ಕಾಲದಲ್ಲಿ ಬಂದ ತರಕಾರಿ. ಇಂದು ಇಂಡಿ, ಮುಧೋಳ, ಗೋಕಾಕದ ಬಸ್ ನಿಲ್ದಾಣದ ಎದುರೂ ಗಾಡಿ ಇದೆ. ಏಕೆಂದರೆ ಹಿಟ್ಟಿನಲ್ಲಿ ಅದ್ದಿ ಕರಿಯುವುದು ನಮಗೆ ಮಿರ್ಚಿ-ಭಜಿಯಿಂದ ಗೊತ್ತಿದ್ದದ್ದು. ಹೊಸದಾಗಿ ಬಂದದ್ದು ಸೋಯಾ ಸಾಸ್ ಒಂದೇ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಬ್ಯಾಡಗಿ ಬೆಳೆಯುವ ನಾಡಿನಲ್ಲಿ ಕೆಂಪಿಗೆ ರಾಸಾಯನಿಕ ಬೇಕಿರಲಿಲ್ಲ.

ಇನ್ನೂ ಒಂದು ದಾರಿ ಇದೆ, ಅದನ್ನು ನಮ್ಮ ಕಾಲೇಜುಗಳು ಬಳಸಿಕೊಂಡದ್ದು ಕಡಿಮೆ: ಸೀತನಿ. ಹಿಂಗಾರಿ ಜೋಳದ ತೆನೆ ಹಾಲುಗಾಳಿನಿಂದ ಗಟ್ಟಿಯಾಗುವ ಮುಂಚೆ, ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಕೆಲವೇ ವಾರ ಸಿಗುವಂಥದ್ದು. ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಬಾರದು, ಹಿಟ್ಟೂ ಆಗಿರಬಾರದು, ಮೆತ್ತಗೆ ಕೊಬ್ಬರಿಯಂತಿರಬೇಕು. ಕುಳ್ಳಿನ ಕೆಂಡದಲ್ಲಿ ತೆನೆ ಹೂತು, ಹೊಟ್ಟು ಕಪ್ಪಾದೊಡನೆ ತೆಗೆದು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಊದಿ ಕಾಳು ತೆಗೆಯಬೇಕು. ಆರಿದರೆ ಕಾಳು ಹೊಟ್ಟನ್ನು ಬಿಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಮೊಸರು. ಜೋಳದಲ್ಲಿ ಇಷ್ಟು ಸಿಹಿ ಇದೆಯೇ ಎಂದು ಹೊಸಬರು ತಾವಾಗಿ ಕೇಳುತ್ತಾರೆ. ಅದೇ ಕಾಳಿನ ವಾಸನೆ ಆಮೇಲೆ ರೊಟ್ಟಿಯಲ್ಲಿ ಬಂದಾಗ ಗುರುತು ಹಿಡಿಯುತ್ತಾರೆ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ನೈವೇದ್ಯ ಚೆಲ್ಲುವ ಚರಗದ ಊಟಕ್ಕೆ ಹೊಲಕ್ಕೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಸಜ್ಜೆ ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭರ್ತ, ಕಾಳು ಪಲ್ಯ ಎಲ್ಲ ಒಂದೇ ಪಂಕ್ತಿಯಲ್ಲಿ ಸಿಗುವ ದಿನ ಅದು, ಹಸಿವೂ ಚೆನ್ನಾಗಿ ಆಗಿರುತ್ತದೆ.

ಊಟದ ಪಟ್ಟಿ ಮಾಡುವ ವಾರ್ಡನ್‌ಗಳು, ಮೆಸ್ ಗುತ್ತಿಗೆ ಹಿಡಿದವರು, ಗುತ್ತಿಗೆಯ ಶರ್ತ ಬರೆಯುವ ಸಂಸ್ಥೆಗಳವರಲ್ಲಿ ನಮ್ಮ ವಿನಂತಿ ಇಷ್ಟು. ‘ರೊಟ್ಟಿ: ದಿನಕ್ಕೆ ಎರಡು’ ಎಂದಷ್ಟೇ ಬರೆದರೆ ಬೆಳಿಗ್ಗೆ ಬಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಬಡಿಸುವ ಹೊತ್ತಿಗೆ ಒಂದು ತಾಸಿಗಿಂತ ಹಳೆಯದಿರಬಾರದು ಎಂದು ಬರೆಯಿರಿ. ಹಿಟ್ಟು ಬೀಸಿದ ದಿನಾಂಕ ಚೀಲದ ಮೇಲೆ ಇರಲಿ. ಮೊಸರು, ಬೆಣ್ಣೆ ಹೆಚ್ಚುವರಿ ಬಾಬತ್ತಿನಲ್ಲಿ ಬೇಡ, ಊಟದಲ್ಲೇ ಸೇರಲಿ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಹೊಗೆ ಇಲ್ಲದ ಒಲೆ, ಕೂರಲು ಎತ್ತರದ ಮಣೆ, ರೊಟ್ಟಿಯ ಲೆಕ್ಕದಲ್ಲಿ ತಕ್ಕ ಕೂಲಿ ಕೊಡಿ. ಆರು ತಾಸು ಹೊಗೆಯಲ್ಲಿ ಕೂತವರ ಕೈಯಿಂದ ಮೆತ್ತನೆ ರೊಟ್ಟಿ ಕೇಳುವುದು ಸರಿಯಲ್ಲ. ಹೆಚ್ಚುವರಿ ಇಬ್ಬರ ಕೂಲಿ ವರ್ಷವಿಡೀ ಭರಿಸಲಾಗದಿದ್ದರೆ ಹೊಸ ಹುಡುಗರು ಬಂದ ಮೊದಲ ಎರಡು ತಿಂಗಳಾದರೂ ಭರಿಸಿ. ಅಷ್ಟರಲ್ಲಿ ರುಚಿ ಹತ್ತಿದವರು ಆಮೇಲೆ ಖಡಕ್ ರೊಟ್ಟಿಯನ್ನೂ ಬಿಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಖಾನಾವಳಿ ಮತ್ತು ಹಾಸ್ಟೆಲ್ ಅಡುಗೆ ಕೆಲಸದ ಕೆಲವರು
ವಿಜಯಪುರ